ಮಾಗಿಯಲ್ಲಿ ಸೈಕಲ್ಲಿಗೆ ರಜೆ, ಕಾಲಿಗೆ ಬೆಟ್ಟ

ಮಾರ್ಗಶಿರ ಕಾಲಿಡುವ ಹೊತ್ತಿಗೆ ನಮ್ಮ ಸೀಮೆಯ ಡಾಂಬರು ರಸ್ತೆಗಳೆಲ್ಲ ಕಣಗಳಾಗುತ್ತವೆ. ತಿಪಟೂರಿನಿಂದ ತುರುವೇಕೆರೆ ಕಡೆಗೆ ಹೋಗಿ, ಹುಳಿಯಾರಿನಿಂದ ಚಿಕ್ಕನಾಯಕನಹಳ್ಳಿ ಕಡೆಗೆ ಬನ್ನಿ, ರಾಗಿ ತೆನೆಯನ್ನೋ ಹುರುಳಿಯನ್ನೋ ಹರಡದ ಹಳ್ಳಿ ರಸ್ತೆ ಸಿಗುವುದು ಕಷ್ಟ. ಬಸ್ಸು, ಲಾರಿ, ಟ್ರ್ಯಾಕ್ಟರು ಹಾದಷ್ಟೂ ಒಕ್ಕಣೆ ಸಲೀಸು. ಸಗಣಿ ಸಾರಿಸಿ ಕಣ ಮಾಡಿ, ಎತ್ತು ಕಟ್ಟಿ ರೋಣಗಲ್ಲು ಹೊಡೆಯುವ ಕಾಲ ಹೋಯಿತು; ಆಳು ಸಿಗದ ರೈತನಿಗೆ ಬೇರೆ ದಾರಿಯೂ ಇಲ್ಲ, ಅವನನ್ನು ದೂರಿ ಪ್ರಯೋಜನವಿಲ್ಲ. ಆದರೆ ಒಂದಿಂಚು ಅಗಲದ ಟೈರನ್ನು ನಂಬಿ ಹೊರಟ ಸೈಕಲ್ ಸವಾರನಿಗೆ ಇದು ಕೆಟ್ಟ ಹಾದಿ. ಒಣಹುಲ್ಲಿನ ಮೇಲೆ ಬ್ರೇಕ್ ಹಿಡಿದರೆ ಚಕ್ರ ಜಾರುತ್ತದೆ. ಹುರುಳಿ ಬಳ್ಳಿ ಚೈನಿಗೆ ಸುತ್ತಿಕೊಂಡರೆ ಕ್ಷಣದಲ್ಲಿ ಸವಾರ ನೆಲ ಕಚ್ಚುತ್ತಾನೆ. ಇದರ ಜೊತೆಗೆ ಬೆಳಗಿನ ಮಂಜು. ತೋಟಗಳ ನಡುವೆ ಹಾಯುವ ರಸ್ತೆಯಲ್ಲಿ ಎದುರಿನ ಲಾರಿ ಹತ್ತಿರ ಬರುವ ತನಕ ಕಾಣದ ದಿನಗಳಿವೆ.

ಯೂರೋಪಿನ ಸವಾರರನ್ನು ಚಳಿಗಾಲದಲ್ಲಿ ತಡೆಯುವುದು ಹಿಮ. ಅಲ್ಲಿನ ದೊಡ್ಡ ರಸ್ತೆ ರೇಸುಗಳ ಸಾಲು ಅಕ್ಟೋಬರಿನಲ್ಲಿ ಇಟಲಿಯ ಲೊಂಬಾರ್ದಿಯಾ ಸ್ಪರ್ಧೆಯ ಹೊತ್ತಿಗೆ ಬಹುಮಟ್ಟಿಗೆ ಮುಗಿಯುತ್ತದೆ. ಮತ್ತೆ ಶುರುವಾಗುವುದು ಜನವರಿಯಲ್ಲಿ, ಅದೂ ಬೇಸಿಗೆಯ ಆಸ್ಟ್ರೇಲಿಯಾದಲ್ಲಿ. ನಡುವಿನ ವಾರಗಳಲ್ಲಿ ಅವರು ಸೈಕಲ್ ಬದಿಗಿಟ್ಟು ಬೆಟ್ಟ ನಡೆಯುತ್ತಾರೆ, ಓಡುತ್ತಾರೆ, ಹಿಮದ ಮೇಲೆ ಸ್ಕೀ ಮಾಡುತ್ತಾರೆ. ನಮ್ಮಲ್ಲಿ ಹವೆ ಅಡ್ಡಿಯಲ್ಲ. ಸಮುದ್ರಮಟ್ಟದಿಂದ ಸುಮಾರು 860 ಮೀಟರ್ ಮೇಲಿರುವ ತಿಪಟೂರಿನಲ್ಲಿ ಮಾಗಿಯ ಹಗಲು ಸೈಕಲ್ ತುಳಿಯಲು ಹೇಳಿಮಾಡಿಸಿದ್ದು. ಟೂರ್ ಆಫ್ ನೀಲ್ಗಿರೀಸ್ ಎಂಬ ಸೈಕಲ್ ಯಾತ್ರೆ 2008ರಲ್ಲಿ ಶುರುವಾದಾಗಿನಿಂದ ಬಹುಮಟ್ಟಿಗೆ ಡಿಸೆಂಬರ್ ತಿಂಗಳನ್ನೇ ಆರಿಸಿಕೊಂಡಿರುವುದೂ ಅದಕ್ಕೇ. ಅಂಥ ಯಾತ್ರೆಗೆ ಹೆಸರು ಕೊಟ್ಟವರು ಖಂಡಿತ ಹೋಗಿಬರಲಿ. ಆದರೆ ವಾರಕ್ಕೆ ಮೂರು ನಾಲ್ಕು ಬೆಳಗು ಊರ ಸುತ್ತ ಸುತ್ತುವ ನಮ್ಮಂಥವರಿಗೆ ಡಿಸೆಂಬರ್ ನಡುವಿನಿಂದ ಸಂಕ್ರಾಂತಿ ದಾಟುವವರೆಗೆ ರಸ್ತೆಯೇ ಬಿಡುವು ಕೊಡುತ್ತದೆ. ಆ ಬಿಡುವನ್ನು ಬೆಟ್ಟಕ್ಕೆ ಕೊಡಿ ಎಂಬುದು ನನ್ನ ಮಾತು.

ಸುಮ್ಮನೆ ಮನೆಯಲ್ಲಿ ಕೂತರೆ ಏನಾಗುತ್ತದೆ ಎಂಬುದನ್ನು ಮೊದಲು ನೋಡೋಣ. ತರಬೇತಿ ಪಡೆದ ದೇಹ ತನ್ನ ಗಳಿಕೆಯನ್ನು ಬೇಗ ಬಿಟ್ಟುಕೊಡುತ್ತದೆ. ವ್ಯಾಯಾಮ ಪೂರ್ತಿ ನಿಂತ ಕೆಲವೇ ದಿನಗಳಲ್ಲಿ ರಕ್ತದೊಳಗಿನ ನೀರಿನಂಶ ತಗ್ಗತೊಡಗುತ್ತದೆ. ಆಗ ಹೃದಯ ಒಂದೊಂದು ಬಡಿತಕ್ಕೆ ಹೊರದೂಡುವ ರಕ್ತವೂ ಕಡಿಮೆಯಾಗಿ, ಅದೇ ಕೆಲಸಕ್ಕೆ ಹೆಚ್ಚು ಸಲ ಬಡಿಯಬೇಕಾಗುತ್ತದೆ. ಎರಡರಿಂದ ನಾಲ್ಕು ವಾರಗಳಲ್ಲಿ ದೇಹ ಆಮ್ಲಜನಕ ಬಳಸುವ ಗರಿಷ್ಠ ಶಕ್ತಿ ಅಳತೆಗೆ ಸಿಗುವಷ್ಟು ಕುಸಿಯುತ್ತದೆ. ಅವರೆಕಾಳಿನ ಸಾರು, ಹಿಚುಕಿದ ಬೇಳೆ, ಬಿಸಿ ರೊಟ್ಟಿಗಳ ಕಾಲವಾದ್ದರಿಂದ ಸೊಂಟದ ಸುತ್ತ ಏನಾಗುತ್ತದೆ ಎಂದು ಹೇಳಬೇಕಿಲ್ಲ. ಸಮಾಧಾನದ ಸಂಗತಿಯೆಂದರೆ ಗಳಿಸಿದ್ದನ್ನು ಉಳಿಸಿಕೊಳ್ಳಲು ಗಳಿಸುವಾಗ ಪಟ್ಟಷ್ಟು ಶ್ರಮ ಬೇಡ. ವಾರಕ್ಕೆ ಎರಡು ಸಲ ಏದುಸಿರು ಬರುವಷ್ಟು ಕೆಲಸ ಹೃದಯಕ್ಕೆ ಸಿಕ್ಕರೆ ಒಂದೆರಡು ತಿಂಗಳು ಅದು ಹೆಚ್ಚಿನದನ್ನು ಕಳೆದುಕೊಳ್ಳುವುದಿಲ್ಲ. ಬೆಟ್ಟದ ಏರು ಈ ಕೆಲಸವನ್ನು ಚೆನ್ನಾಗಿಯೇ ಕೊಡುತ್ತದೆ.

ಬೆನ್ನಚೀಲವೂ ಸೇರಿ 75 ಕಿಲೋ ತೂಗುವವರು 300 ಮೀಟರ್ ಎತ್ತರ ಏರಿದರೆ, ಆ ಏರಿಗೇ ಸುಮಾರು 200 ಕ್ಯಾಲೊರಿ ಖರ್ಚಾಗುತ್ತದೆ. ಮುಂದೆ ನಡೆದ ದೂರದ ಲೆಕ್ಕ ಬೇರೆ. ಏರುವಾಗ ಎಷ್ಟು ಜೋರು ಹೋಗಬೇಕು ಎಂಬುದಕ್ಕೆ ಕೈಗಡಿಯಾರದ ಯಂತ್ರ ಬೇಕಾಗಿಲ್ಲ. ಪಕ್ಕದವರ ಜೊತೆ ಒಂದೊಂದು ವಾಕ್ಯ ಆಡಲು ಆಗಬೇಕು, ಹಾಡಲು ಆಗಬಾರದು. ಮಾತೂ ನಿಂತರೆ ಹೆಜ್ಜೆ ತಗ್ಗಿಸಿ. ಸೈಕಲ್ ತುಳಿದು ಪಳಗಿದ ಎದೆ ಇಷ್ಟನ್ನು ಸಲೀಸಾಗಿ ಮಾಡುತ್ತದೆ, ಮೊದಲ ದಿನವೇ ಜೊತೆಯವರನ್ನೆಲ್ಲ ಹಿಂದೆ ಹಾಕಿ ತುದಿ ಮುಟ್ಟಿಸುತ್ತದೆ.

ಕಷ್ಟ ಕಾದಿರುವುದು ಇಳಿಜಾರಿನಲ್ಲಿ, ಲಾಭ ಇರುವುದೂ ಅಲ್ಲೇ. ಬೆಟ್ಟದ ನಡಿಗೆಯ ಬಗ್ಗೆ ಬರೆಯುವವರು ಬಹುತೇಕ ಏರನ್ನೇ ಹೊಗಳುತ್ತಾರೆ. ಸೈಕಲ್ ಸವಾರನ ಮಟ್ಟಿಗೆ ಅದು ಅರ್ಧ ಮಾತು. ಸೈಕಲ್ಲಿನಲ್ಲಿ ಇಳಿಜಾರು ಪುಕ್ಕಟೆ. ಪೆಡಲ್ ನಿಲ್ಲಿಸಿ ಕೂತರಾಯಿತು. ಕಾಲ್ನಡಿಗೆಯಲ್ಲಿ ಪ್ರತಿ ಹೆಜ್ಜೆಗೂ ಮೈಭಾರವನ್ನು ತೊಡೆ ತಡೆದು ನಿಲ್ಲಿಸಬೇಕು. ಎಳನೀರು ಗೊನೆಯನ್ನು ಮರದ ಮೇಲಿಂದ ಹಗ್ಗದಲ್ಲಿ ಇಳಿಬಿಡುವವನ ತೋಳು ಹೇಗೆ ಹಿಗ್ಗುತ್ತಲೇ ಭಾರ ಹಿಡಿದಿರುತ್ತದೋ, ಬೆಟ್ಟ ಇಳಿಯುವವನ ತೊಡೆಯ ಮುಂಭಾಗದ ಸ್ನಾಯು ಹಾಗೆ ಕೆಲಸ ಮಾಡುತ್ತದೆ. ಪೆಡಲ್ ತುಳಿತದಲ್ಲಿ ಸ್ನಾಯು ಬಹುಮಟ್ಟಿಗೆ ಕುಗ್ಗುತ್ತಾ ದುಡಿಯುತ್ತದೆ, ಹಿಗ್ಗುತ್ತಾ ತಡೆಯುವ ಅಭ್ಯಾಸ ಅದಕ್ಕಿಲ್ಲ. ಅದಕ್ಕೇ ವರ್ಷವಿಡೀ ನೂರು ನೂರು ಕಿಲೋಮೀಟರ್ ತುಳಿದವರು ಒಂದು ಬೆಟ್ಟ ಇಳಿದ ಮಾರನೇ ದಿನ ಮನೆಯ ಮೆಟ್ಟಿಲು ಇಳಿಯಲಾರದೆ ಗೋಡೆ ಹಿಡಿಯುತ್ತಾರೆ. ಈ ನೋವು ಒಂದರಿಂದ ಮೂರು ದಿನಗಳ ನಡುವೆ ಹೆಚ್ಚಾಗಿ, ತಾನಾಗಿ ಇಳಿಯುತ್ತದೆ. ಒಮ್ಮೆ ನೋವುಂಡ ಸ್ನಾಯು ಪಾಠ ಕಲಿಯುತ್ತದೆ. ಎರಡು ಮೂರು ವಾರದೊಳಗೆ ಅದೇ ಬೆಟ್ಟ ಮತ್ತೆ ಇಳಿದರೆ ನೋವು ಬಹಳ ಕಡಿಮೆ. ಹಾಗಾಗಿ ಮೊದಲ ಸಲ ಚಿಕ್ಕ ಬೆಟ್ಟ, ಖಾಲಿ ಬೆನ್ನು, ನಿಧಾನದ ಇಳಿತ. ಇದರಲ್ಲಿ ರಿಯಾಯಿತಿ ಬೇಡ.

ಸ್ನಾಯುವಿಗಿಂತ ದೊಡ್ಡ ವಿಷಯ ಮೂಳೆ. ಸೈಕಲ್ ಮೇಲೆ ನಮ್ಮ ಭಾರ ಹೊರುವುದು ಸೀಟು, ಹ್ಯಾಂಡಲ್, ಪೆಡಲ್. ಬೆನ್ನುಮೂಳೆಗೂ ಸೊಂಟದ ಕೀಲಿಗೂ ನೆಲದ ಹೊಡೆತ ತಟ್ಟುವುದೇ ಇಲ್ಲ. ಮೊಣಕಾಲು ನೋವಿರುವವರಿಗೆ ವೈದ್ಯರು ಸೈಕಲ್ ತುಳಿಯಿರಿ ಎನ್ನುವುದು ಇದೇ ಕಾರಣಕ್ಕೆ. ಆದರೆ ಮೂಳೆ ಗಟ್ಟಿಯಾಗುವುದು ಭಾರ ಬಿದ್ದಾಗ, ಹೊಡೆತ ತಟ್ಟಿದಾಗ. ವರ್ಷಗಟ್ಟಲೆ ಸೈಕಲ್ ಒಂದನ್ನೇ ನೆಚ್ಚಿದ ರಸ್ತೆ ಸವಾರರಲ್ಲಿ ಸೊಂಟದ ಭಾಗದ ಬೆನ್ನುಮೂಳೆಯ ಸಾಂದ್ರತೆ ಕಡಿಮೆ ಇರುವುದನ್ನು ಅಧ್ಯಯನಗಳು ಮತ್ತೆ ಮತ್ತೆ ಕಂಡಿವೆ. ಹೃದಯ ಕುದುರೆಯಂತಿದ್ದೂ ಮೂಳೆ ಸೊರಗಿರಬಹುದು. ಬೆಟ್ಟದ ಇಳಿತದಲ್ಲಿ ಹೆಜ್ಜೆಹೆಜ್ಜೆಗೂ ಮೈಭಾರ ಹಿಮ್ಮಡಿಯಿಂದ ಸೊಂಟದವರೆಗೆ ಹಾಯುತ್ತದೆ. ಸೈಕಲ್ ಕೊಡಲಾರದ ಇದೊಂದನ್ನು ನಡಿಗೆ ಕೊಡುತ್ತದೆ.

ಈ ಮಾತು ಹೆಂಗಸರಿಗೆ ಇನ್ನೂ ಹೆಚ್ಚು ಅನ್ವಯಿಸುತ್ತದೆ. 2006-07ರಲ್ಲಿ ರಾಜ್ಯ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡಲು ಶುರುಮಾಡಿದಾಗ, ನೊಣವಿನಕೆರೆ, ಹಂದನಕೆರೆ, ಮಾಯಸಂದ್ರದಂಥ ಹೋಬಳಿಗಳ ಹುಡುಗಿಯರು ಹಳ್ಳಿಯಿಂದ ಹೈಸ್ಕೂಲಿಗೆ ತುಳಿದುಕೊಂಡು ಹೋದರು. ಅವರಿಗೆ ಈಗ ಮೂವತ್ತು ದಾಟಿದೆ. ಮೂಳೆಯ ಗಳಿಕೆ ಇಪ್ಪತ್ತರ ಕೊನೆಯ ಹೊತ್ತಿಗೆ ಮುಗಿಯುತ್ತದೆ, ಮುಟ್ಟು ನಿಂತ ಮೇಲೆ ಸವಕಳಿ ಜೋರಾಗುತ್ತದೆ. ನಡುವಿನ ಈ ಇಪ್ಪತ್ತು ವರ್ಷ ಇದ್ದುದನ್ನು ಕಾಪಾಡಿಕೊಳ್ಳುವ ಕಾಲ. ಸೈಕಲ್ ಬಿಟ್ಟವರು ಮತ್ತೆ ಹತ್ತಲಿ, ಹತ್ತಿದವರು ವರ್ಷಕ್ಕೆ ಒಂದೆರಡು ತಿಂಗಳು ಇಳಿದು ಬೆಟ್ಟ ನಡೆಯಲಿ ಎಂದು ನಾನು ಮನಸಾರೆ ಬಯಸುತ್ತೇನೆ.

ಸವಾರನ ಮೈಕಟ್ಟಿಗೂ ಬೆಟ್ಟ ಮದ್ದು. ಗಂಟೆಗಟ್ಟಲೆ ಬಾಗಿ ಕೂತು ತೊಡೆಸಂದಿಯ ಸ್ನಾಯುಗಳು ಗಿಡ್ಡವಾಗಿರುತ್ತವೆ, ಬೆನ್ನಿನ ಮೇಲ್ಭಾಗ ಗೂನಾಗಿರುತ್ತದೆ. ಕಲ್ಲಿಂದ ಕಲ್ಲಿಗೆ ಕಾಲಿಡುವಾಗ ಸೊಂಟದ ಅಕ್ಕಪಕ್ಕದ ಸ್ನಾಯುಗಳು, ಹರಡು, ಪಾದ ಎಲ್ಲವೂ ಎಚ್ಚರಗೊಳ್ಳುತ್ತವೆ. ಪೆಡಲಿಗೆ ಕಟ್ಟಿಹಾಕಿದ ಪಾದಕ್ಕೆ ಇಂಥ ಕೆಲಸ ಸಿಗುವುದೇ ಇಲ್ಲ.

ಯಾವ ಬೆಟ್ಟ? ಹಿಮಾಲಯದ ಮಾತು ಬಿಡಿ, ಸಹ್ಯಾದ್ರಿಗೂ ಮೊದಲ ತಿಂಗಳು ಹೋಗಬೇಕಿಲ್ಲ. ತಿಪಟೂರು ತಾಲ್ಲೂಕಿನಲ್ಲೇ ಹತ್ಯಾಳು ನರಸಿಂಹಸ್ವಾಮಿಯ ಬೆಟ್ಟವಿದೆ. ಸುತ್ತಲೂ ತೆಂಗಿನ ತಲೆಗಳು ಹರಡಿದ ಬಯಲನ್ನು ಮೇಲಿಂದ ನೋಡುವ ಭಾಗ್ಯವೂ ಸಿಗುತ್ತದೆ. ತುರುವೇಕೆರೆ ಕೆರೆ-ತೋಟಗಳ ತಗ್ಗು ನೆಲ. ಅಲ್ಲಿನವರಿಗೆ ಮಾಯಸಂದ್ರ ದಾಟಿ ಬೆಳ್ಳೂರಿನ ಬಳಿಯ ಆದಿಚುಂಚನಗಿರಿ ಅನುಕೂಲ. ಅರಸೀಕೆರೆ ಕಡೆಗೆ ಹೋದರೆ ಮೆಟ್ಟಿಲುಗಳಿರುವ ಮಾಲೇಕಲ್ಲು ತಿರುಪತಿ, ಹುಣ್ಣಿಮೆಗೆ ಭಕ್ತರು ಸಾಲುಗಟ್ಟಿ ಹತ್ತುವ ಜೇನುಕಲ್ಲು ಸಿದ್ದೇಶ್ವರ. ಮೆಟ್ಟಿಲಿನ ಬೆಟ್ಟ ಕಲಿಯುವವರಿಗೆ ಒಳ್ಳೆಯದು. ಹೆಜ್ಜೆ ಎಲ್ಲಿಡಬೇಕೆಂಬ ಚಿಂತೆ ಇಲ್ಲ, ಬೇಕೆಂದಲ್ಲಿ ಕೂರಬಹುದು, ಜನ ಓಡಾಡುತ್ತಿರುತ್ತಾರೆ.

ಚಿಕ್ಕನಾಯಕನಹಳ್ಳಿಯವರು ಪುಣ್ಯವಂತರು, ಬೆಟ್ಟದ ಸಾಲು ಊರ ಮಗ್ಗುಲಲ್ಲೇ ಇದೆ. ಜಾನಪದ ಕಥೆಯಿಂದಲೂ ಮಾಸ್ತಿಯವರ ಕಾವ್ಯದಿಂದಲೂ ಹೆಸರಾದ ಮದಲಿಂಗನ ಕಣಿವೆ ಈ ತಾಲ್ಲೂಕಿನದೇ, ತೀ.ನಂ. ಶ್ರೀಕಂಠಯ್ಯನವರ ಹುಟ್ಟೂರು ತೀರ್ಥಪುರವೂ ಇಲ್ಲಿಯದೇ. ಆದರೆ ಇಲ್ಲಿನ ನೆಲದ ಗುಣ ತಿಳಿದಿರಬೇಕು. ತುಮಕೂರು ಜಿಲ್ಲೆಯ ಪೂರ್ವದಲ್ಲಿ ಮಧುಗಿರಿ, ದೇವರಾಯನದುರ್ಗಗಳಂಥ ಗ್ರಾನೈಟ್ ಬೆಟ್ಟಗಳಿವೆ. ನೆಲಮಂಗಲದ ಕಡೆಯ ಶಿವಗಂಗೆಯೂ ಆ ಜಾತಿಯದೇ. ಬೋಳು ಬಂಡೆ, ಕಡಿದಾದ ಜಾರು, ಒಣಗಿದ್ದಾಗ ಒಳ್ಳೆಯ ಹಿಡಿತ. ಪಶ್ಚಿಮದಲ್ಲಿ ಚಿತ್ರದುರ್ಗದಿಂದ ಇಳಿದುಬಂದ ಪದರಗಲ್ಲಿನ ಪಟ್ಟಿಯಿದೆ. ಚಿಕ್ಕನಾಯಕನಹಳ್ಳಿಯ ಬೆಟ್ಟಗಳು ಅದರವು. ಕಬ್ಬಿಣ, ಮ್ಯಾಂಗನೀಸ್ ತುಂಬಿದ ಕೆಂಪು ನೆಲ, ಕಾಲಿಟ್ಟರೆ ಉರುಳುವ ಚೂರುಗಲ್ಲು. ಬಂಡೆಯ ಮೇಲೆ ಶೂ ಅಡಿ ಪೂರ್ತಿ ಊರಿ ನಡೆಯಬೇಕು. ಚೂರುಗಲ್ಲಿನಲ್ಲಿ ಸಣ್ಣ ಹೆಜ್ಜೆ, ಮೊಣಕಾಲು ಸ್ವಲ್ಪ ಬಾಗಿರಬೇಕು, ಕೈಯಲ್ಲೊಂದು ಬಿದಿರುಕೋಲು ಇರಬೇಕು. ಗಣಿಗಾರಿಕೆ ಈ ಬೆಟ್ಟಗಳನ್ನು ಬಗೆದ ಬಗೆ ಎಲ್ಲರಿಗೂ ಗೊತ್ತು. 2011ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ತುಮಕೂರು, ಚಿತ್ರದುರ್ಗ ಜಿಲ್ಲೆಗಳ ಕಬ್ಬಿಣದ ಗಣಿಗಳಿಗೆ ತಡೆ ಹಾಕಿತು. ಆದರೆ ಅಗೆದ ಹಳೆಯ ಗುಂಡಿಗಳು ಉಳಿದಿವೆ, ಅವುಗಳ ಅಂಚು ಗಟ್ಟಿಯಲ್ಲ. ಹುಲ್ಲು ಬೆಳೆದ ಅಂಚಿಗೆ ಫೋಟೊ ತೆಗೆಯಲೆಂದು ಹೋಗಬೇಡಿ.

ಬುಕ್ಕಾಪಟ್ಟಣದ ಕಾಡು ಇನ್ನೊಂದು ಬಗೆ. ಚಿಂಕಾರ ಎಂಬ ಹುಲ್ಲೆ ಇರುವುದು ದೃಢಪಟ್ಟ ಮೇಲೆ ಅದನ್ನು 2019ರಲ್ಲಿ ವನ್ಯಧಾಮವೆಂದು ಘೋಷಿಸಲಾಯಿತು. ಇಂಥ ಕಾಡಿನಲ್ಲಿ ಅನುಮತಿ ಇಲ್ಲದೆ ಕಾಲಿಡುವುದು ಅಪರಾಧ. ಅಪರಾಧವಲ್ಲದಿದ್ದರೂ ತಪ್ಪೇ, ಏಕೆಂದರೆ ಕರಡಿ, ಚಿರತೆಗಳಿಗೆ ಉಳಿದಿರುವ ಜಾಗವೇ ಅಷ್ಟು. ಸಹ್ಯಾದ್ರಿಯ ಚಾರಣಕ್ಕೂ ಈಗ ಕಟ್ಟುನಿಟ್ಟು ಬಂದಿದೆ. 2024ರ ಗಣರಾಜ್ಯೋತ್ಸವದ ರಜೆಯಲ್ಲಿ ಕುಮಾರಪರ್ವತಕ್ಕೆ ಜನ ಕಿಕ್ಕಿರಿದ ಮೇಲೆ, ಆನ್‌ಲೈನ್ ಬುಕಿಂಗ್ ಇಲ್ಲದ ಕಡೆ ಚಾರಣವನ್ನು ತಡೆಹಿಡಿದ ಅರಣ್ಯ ಇಲಾಖೆ ಅದೇ ವರ್ಷ ‘ಅರಣ್ಯ ವಿಹಾರ’ ಜಾಲತಾಣ ತೆರೆಯಿತು. ಜನವರಿ ಕೊನೆಗೆ ಕಾಲು ಪಳಗಿದ ಮೇಲೆ 1,930 ಮೀಟರಿನ ಮುಳ್ಳಯ್ಯನಗಿರಿಯ ಕಡೆಗೋ ಮತ್ತೊಂದೆಡೆಗೋ ಹೊರಡುವವರು ಮೊದಲೇ ವಿಚಾರಿಸಿ ಹೋಗಲಿ. ಬೇಸಿಗೆಯಲ್ಲಿ ಕಾಡ್ಗಿಚ್ಚಿನ ಭಯಕ್ಕೆ ಹಲವು ದಾರಿಗಳು ಮುಚ್ಚುತ್ತವೆ. ಮಳೆಗಾಲದಲ್ಲಿ ಜಾರು, ಜಿಗಣೆ. ಮಾಗಿಯೇ ಸರಿಯಾದ ಕಾಲ.

ಸಮಯದ ಲೆಕ್ಕಕ್ಕೆ ಸ್ಕಾಟ್ಲೆಂಡಿನ ವಿಲಿಯಂ ನೇಸ್ಮಿತ್ 1892ರಲ್ಲಿ ಕೊಟ್ಟ ಸೂತ್ರ ಇಂದಿಗೂ ಸಾಕು. ಐದು ಕಿಲೋಮೀಟರಿಗೆ ಒಂದು ಗಂಟೆ, ಏರಿದ ಪ್ರತಿ 600 ಮೀಟರಿಗೆ ಇನ್ನೊಂದು ಗಂಟೆ. ಎಂಟು ಕಿಲೋಮೀಟರ್ ದಾರಿ, 300 ಮೀಟರ್ ಏರು ಎಂದರೆ ಎರಡು ಗಂಟೆ ಚಿಲ್ಲರೆ. ಆದರೆ ಆ ಮನುಷ್ಯ ಕಾರೆಮುಳ್ಳು, ಲಂಟಾನ ಕಂಡವನಲ್ಲ. ನಮ್ಮ ಕುರುಚಲು ಬೆಟ್ಟಗಳಲ್ಲಿ ಇದಕ್ಕೆ ಅರ್ಧ ಸೇರಿಸಿಕೊಳ್ಳಿ. ಜನವರಿಯಲ್ಲಿ ಸೂರ್ಯ ಹುಟ್ಟುವುದೇ ಆರೂಮುಕ್ಕಾಲರ ಹೊತ್ತಿಗೆ. ಬೆಳಕು ಹರಿದ ಮೇಲೆ ಹೊರಟು ಹನ್ನೊಂದರೊಳಗೆ ಕೆಳಗಿರುವುದು ಲೇಸು. ಕತ್ತಲಲ್ಲಿ ಹೊರಟು ತುದಿಯಲ್ಲಿ ಸೂರ್ಯೋದಯ ನೋಡುವ ಆಸೆ ಈಗ ಎಲ್ಲರದೂ. ಕರಡಿ, ಚಿರತೆಗಳು ಓಡಾಡುವ ಹೊತ್ತೂ ಅದೇ, ಬಂಡೆಯ ಮೇಲೆ ಇಬ್ಬನಿ ಕೂತಿರುವ ಹೊತ್ತೂ ಅದೇ.

ಬುತ್ತಿಗೆ ನಮ್ಮ ಸೀಮೆ ಯಾರ ಹಂಗಿನಲ್ಲೂ ಇಲ್ಲ. ವರ್ಷದ ಹತ್ತಿರ ಅಟ್ಟದ ಮೇಲೆ ಒಣಗಿದ ಉಂಡೆ ಕೊಬ್ಬರಿಯ ನೂರು ಗ್ರಾಮಿನಲ್ಲಿ 650 ಕ್ಯಾಲೊರಿಗೂ ಹೆಚ್ಚು ಶಕ್ತಿಯಿದೆ, ಹೆಚ್ಚಿನದೆಲ್ಲ ಎಣ್ಣೆಯ ರೂಪದಲ್ಲಿ. ಎಣ್ಣೆ ನಿಧಾನಕ್ಕೆ ಕರಗುತ್ತದೆ, ಬೆಲ್ಲ ಬೇಗ ರಕ್ತಕ್ಕೆ ಸೇರುತ್ತದೆ. ಎರಡೂ ಸೇರಿದ ಕೊಬ್ಬರಿ-ಬೆಲ್ಲ ಮೂರು ನಾಲ್ಕು ಗಂಟೆಯ ನಡಿಗೆಗೆ ಅಂಗಡಿಯ ದುಬಾರಿ ಬಾರುಗಳಿಗಿಂತ ಕಡಿಮೆಯದಲ್ಲ. ಒಂದು ಗಿಟುಕಿನ ಅರ್ಧ ಸಾಕು, ಹೆಚ್ಚು ತಿಂದರೆ ಏರಿನಲ್ಲಿ ಹೊಟ್ಟೆ ಭಾರ. ಎಳನೀರಿನ ಬಗ್ಗೆ ಒಂದು ಮಾತು ಹೇಳಲೇಬೇಕು. ಅದರಲ್ಲಿ ಪೊಟ್ಯಾಸಿಯಂ ಧಾರಾಳ, ಸೋಡಿಯಂ ಕಡಿಮೆ. ಬೆವರಿನಲ್ಲಿ ಹೋಗುವುದು ಮುಖ್ಯವಾಗಿ ಸೋಡಿಯಂ. ಇಳಿದು ಬಂದ ಮೇಲೆ ಎಳನೀರಿನ ಜೊತೆಗೆ ಉಪ್ಪು ಹಾಕಿದ ಮಜ್ಜಿಗೆಯನ್ನೂ ಕುಡಿಯಿರಿ. ಚಳಿಯಲ್ಲಿ ಬಾಯಾರಿಕೆ ಗೊತ್ತಾಗುವುದಿಲ್ಲ, ಆದ್ದರಿಂದ ಬಾಯಾರದಿದ್ದರೂ ಒಂದೊಂದು ಗುಟುಕು ನೀರು ಕುಡಿಯುತ್ತಿರಿ.

ಗ್ರಾನೈಟ್ ಬೆಟ್ಟಗಳಲ್ಲಿ ಚಿರತೆಗಿಂತ ಹೆಚ್ಚು ಹೆದರಬೇಕಾದ್ದು ಹೆಜ್ಜೇನಿಗೆ. ಬಂಡೆಯ ಹೊಟ್ಟೆಗೆ ಜೋತುಬಿದ್ದ ಹುಟ್ಟು ಕಂಡರೆ ಸದ್ದು ಮಾಡದೆ ದೂರ ಸರಿಯಿರಿ. ಸೆಂಟು ಬಳಿದುಕೊಂಡು ಬರಬೇಡಿ, ಬೀಡಿ-ಸಿಗರೇಟು ಹಚ್ಚಬೇಡಿ. ಒಣಗಿದ ಬಾದೆ ಹುಲ್ಲಿಗೆ ಒಂದು ಕಿಡಿ ಸಾಕು, ಬೆಟ್ಟವೇ ಉರಿದುಹೋಗುತ್ತದೆ. ಒಬ್ಬರೇ ಹೋಗಬೇಡಿ, ಮನೆಯಲ್ಲಿ ಯಾವ ಬೆಟ್ಟ ಎಂದು ಹೇಳಿ ಹೋಗಿ. ಸೈಕಲ್ ಶೂ ಬೆಟ್ಟಕ್ಕೆ ಸಲ್ಲದು, ಅದರ ಅಡಿ ಬಾಗುವುದಿಲ್ಲ, ಬಂಡೆ ಹಿಡಿಯುವುದಿಲ್ಲ. ಅಡಿಯಲ್ಲಿ ಕಚ್ಚು ಸವೆಯದ ಸಾಧಾರಣ ಕ್ಯಾನ್ವಾಸ್ ಶೂ ಆದರೂ ಸರಿ, ಕಾಲ್ಬೆರಳ ಮುಂದೆ ಒಂದು ಬೆರಳಿನಗಲ ಜಾಗವಿರಲಿ. ಇಲ್ಲವಾದರೆ ಇಳಿವಾಗ ಉಗುರು ಕಪ್ಪಗಾಗುತ್ತದೆ.

ವಾರಕ್ಕೆ ಎರಡು ಬೆಟ್ಟ, ನಡುವೆ ಎರಡು ದಿನವಾದರೂ ಬಿಡುವು. ಎರಡು ವಾರ ಕಳೆದ ಮೇಲೆ ಬೆನ್ನಿಗೆ ಮೂರು ನಾಲ್ಕು ಕಿಲೋ ತೂಕ ಹಾಕಿಕೊಳ್ಳಬಹುದು, ಎರಡು ಸೀಸೆ ನೀರು, ಒಂದು ಟವಲು, ಬುತ್ತಿ ಸೇರಿದರೆ ಅಷ್ಟಾಗುತ್ತದೆ. ತುಳಿತದ ಲಯ ಮರೆಯದಿರಲು ವಾರಕ್ಕೊಮ್ಮೆ ಮಂಜು ಕರಗಿದ ಮೇಲೆ, ಒಕ್ಕಣೆಯಿಲ್ಲದ ದಾರಿ ನೋಡಿಕೊಂಡು ಮುಕ್ಕಾಲು ಗಂಟೆ ಹಗುರ ಗೇರಿನಲ್ಲಿ ಸೈಕಲ್ ತುಳಿದರೆ ಸಾಕು. ರಕ್ತದೊತ್ತಡ, ಸಕ್ಕರೆ, ಹೃದಯದ ತೊಂದರೆ ಇರುವವರು ವೈದ್ಯರನ್ನು ಕೇಳದೆ ಬೆಟ್ಟಕ್ಕೆ ಹೋಗಬಾರದು. ಮೊಣಚಿಪ್ಪಿನ ಸುತ್ತ ನೋವು ಇಳಿಯುವಾಗ ಶುರುವಾಗಿ ವಾರವಾದರೂ ಉಳಿದರೆ ಅದು ಸ್ನಾಯುವಿನ ನೋವಲ್ಲ, ತೋರಿಸಿಕೊಳ್ಳಿ.

ಸಂಕ್ರಾಂತಿ ಕಳೆದು ಮೆದೆಗಳು ಕರಗಿ, ಹುಲ್ಲು ಬಣವೆ ಸೇರಿದ ಮೇಲೆ ರಸ್ತೆ ಮತ್ತೆ ಸವಾರರದಾಗುತ್ತದೆ. ಬೆಟ್ಟ ನಡೆದು ಬಂದವರಿಗೆ ಎದೆ ತಯಾರಿದ್ದರೂ ಸೀಟಿಗೂ ಕತ್ತಿಗೂ ಅಭ್ಯಾಸ ತಪ್ಪಿರುತ್ತದೆ, ಆದ್ದರಿಂದ ಮೊದಲ ಎರಡು ವಾರ ದೂರ ಅರ್ಧಕ್ಕಿಳಿಸಿ, ದೊಡ್ಡ ಗೇರು ಮುಟ್ಟಬೇಡಿ. ಬೆಟ್ಟವನ್ನು ಪೂರ್ತಿ ಬಿಡಲೂಬೇಡಿ. ಭಾರ ಹೊರುವುದು ನಿಂತರೆ ಮೂಳೆಗೆ ಬಂದ ಲಾಭವೂ ನಿಧಾನವಾಗಿ ಹಿಂದಕ್ಕೆ ಹೋಗುತ್ತದೆ. ಬೇಸಿಗೆಯ ಬೆಳಗುಗಳಲ್ಲೂ ತಿಂಗಳಿಗೆ ಎರಡು ಸಲವಾದರೂ ಹತ್ತಿರದ ಒಂದು ಬೆಟ್ಟ ಹತ್ತಿ ಇಳಿಯಿರಿ.